ಜೈಲಿನ ಗೋಡೆಯೊಳಗಿನ ಬರಹ



ಅಕ್ಷರ ಕಲಿತ ಮೇಲೆ ನಾವು ಏನೇನು ಬರೆಯುತ್ತೇವೆ? ನಮ್ಮ ಹೆಸರು ಬರೆಯುತ್ತೇವೆ. ಸಂಘದ ಪುಸ್ತಕದಲ್ಲಿ ಸಹಿ ಹಾಕುತ್ತೇವೆ. ಹಾಲಿನ ಲೆಕ್ಕ, ಕೂಲಿ ಲೆಕ್ಕ ಬರೆದಿಡುತ್ತೇವೆ. ಇದೆಲ್ಲ ಬೇಕಾದದ್ದೇ.

ಆದರೆ ಬರಹದಿಂದ ಇನ್ನೊಂದು ಕೆಲಸವೂ ಆಗುತ್ತದೆ. ಯಾರ ಹತ್ತಿರವೂ ಹೇಳಲಾಗದೆ ಎದೆಯಲ್ಲೇ ಉಳಿದ ಮಾತನ್ನು ಹೊರಗೆ ಹಾಕಬಹುದು. ಹಾಕಿದರೆ ಏನಾಗುತ್ತದೆ ಅಂತ ಕೇಳುತ್ತೀರಾ? ಜೈಲಿನಲ್ಲಿ ಕೂತು ಬರೆದ ಕೆಲವು ಹೆಂಗಸರ ವಿಷಯ ಇಲ್ಲಿದೆ. ಓದಿ ನೋಡಿ.

ಎಲ್ಲಿಯ ಜೈಲು?

ಅಮೆರಿಕ ದೇಶದಲ್ಲಿ ಕನೆಕ್ಟಿಕಟ್ ಅಂತ ಒಂದು ಸಣ್ಣ ರಾಜ್ಯ ಇದೆ. ಅದು ಸಮುದ್ರದ ದಡದಲ್ಲಿದೆ. ಅಲ್ಲಿ ನಯಾಂಟಿಕ್ ಎಂಬ ಊರಿನಲ್ಲಿ ಹೆಂಗಸರ ಜೈಲು ಇದೆ. 1918ರಲ್ಲಿ ಅದು ಶುರುವಾದಾಗ ಹೊಲದ ಜೈಲು ಆಗಿತ್ತು. ಈಗ ಅದಕ್ಕೆ ಯಾರ್ಕ್ ಜೈಲು ಅನ್ನುತ್ತಾರೆ.

1999ರಲ್ಲಿ ಆ ಜೈಲಿನಲ್ಲಿ ಕೆಟ್ಟ ಕಾಲ ಬಂದಿತ್ತು. ಕೆಲವು ಹೆಂಗಸರು ತಾವೇ ಜೀವ ಕಳೆದುಕೊಂಡಿದ್ದರು. ಉಳಿದವರೂ ಎದೆಗುಂದಿದ್ದರು. ಏನು ಮಾಡುವುದು? ಜೈಲಿನ ಶಾಲೆಯವರು ಯೋಚನೆ ಮಾಡಿದರು. ಮನಸ್ಸಿನಲ್ಲಿ ಇರುವುದನ್ನು ಬರೆದರೆ ಇವರ ಭಾರ ಇಳಿಯಬಹುದು ಅಂತ ಅವರಿಗೆ ಅನ್ನಿಸಿತು. ವಾಲಿ ಲ್ಯಾಮ್ ಎಂಬ ಕಾದಂಬರಿಕಾರರನ್ನು ಕರೆದರು. ಲ್ಯಾಮ್ 25 ವರ್ಷ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಒಂದು ದಿನ ಬಂದು ಹೋಗುತ್ತೇನೆ ಅಂತ ಹೋದರು. ಆದರೆ ಆ ಹೆಂಗಸರನ್ನು ಬಿಟ್ಟು ಬರಲಾಗಲಿಲ್ಲ. ಬಹಳ ವರ್ಷ ಅಲ್ಲಿ ಕಲಿಸಿದರು.

ತರಗತಿ ಹೇಗೆ ನಡೆಯುತ್ತಿತ್ತು?

ಹೆಂಗಸರು ಗುಂಪಾಗಿ ಕೂರುತ್ತಿದ್ದರು. ತಮ್ಮ ತಮ್ಮ ಬಾಳಿನ ಕಥೆ ಬರೆದು ತರುತ್ತಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಬೇರೆಯವರು ಕೇಳುತ್ತಿದ್ದರು. "ಇದು ಅರ್ಥವಾಯಿತು, ಇದು ಆಗಲಿಲ್ಲ" ಅಂತ ಹೇಳುತ್ತಿದ್ದರು. ಬರೆದವಳು ಮತ್ತೆ ತಿದ್ದಿ ಬರೆಯುತ್ತಿದ್ದಳು.

ಅವರು ಏನು ಬರೆದರು? ಹೆಚ್ಚಾಗಿ ಜೈಲಿಗೆ ಬರುವ ಮುಂಚಿನ ಬಾಳನ್ನೇ ಬರೆದರು. ಬಾಲ್ಯದಲ್ಲಿ ಕಂಡದ್ದು, ಮನೆಯಲ್ಲಿ ತಿಂದ ಏಟು, ತಾಯಿಯ ನೆನಪು. ಅವರಲ್ಲಿ ಹಲವರು ಚಿಕ್ಕಂದಿನಲ್ಲೋ ಮದುವೆ ಆದ ಮೇಲೋ ಹಿಂಸೆ ಉಂಡವರು. ಆ ಮಾತನ್ನು ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಬರೆದರೆ ಏನು ಪ್ರಯೋಜನ?

"ತಪ್ಪು ಮಾಡಿ ಜೈಲಿಗೆ ಹೋದವರಿಗೆ ಪೆನ್ನು, ಪುಸ್ತಕ ಯಾಕೆ ಕೊಡಬೇಕು?" ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬರೆದಳು ಅಂತ ಅಪರಾಧ ಅಳಿಸಿ ಹೋಗುವುದಿಲ್ಲ. ನೊಂದ ಮನೆಯವರ ನೋವು ನೋವೇ. ಶಿಕ್ಷೆಯೂ ಶಿಕ್ಷೆಯೇ.

ಆದರೆ ಇದನ್ನೂ ಯೋಚಿಸಿ. ಜೈಲಿಗೆ ಹೋದವರಲ್ಲಿ ಹೆಚ್ಚಿನವರು ಒಂದು ದಿನ ಹೊರಗೆ ಬರುತ್ತಾರೆ. ನಮ್ಮ ನಡುವೆಯೇ ಬಾಳಬೇಕು. ಹೋದಾಗ ಇದ್ದ ಸಿಟ್ಟು, ಭಯ, ನಾಚಿಕೆ ಹಾಗೇ ಇದ್ದರೆ ಹೊರಗೆ ಬಂದು ಹೇಗೆ ಬಾಳುತ್ತಾರೆ?

ಬರೆಯುವಾಗ ಕೈ ನಿಧಾನ ಮಾಡಬೇಕು. ಮೊದಲು ಏನಾಯಿತು? ಆಮೇಲೆ ಏನಾಯಿತು? ಅವರು ಏನು ಮಾಡಿದರು? ನಾನು ಏನು ಮಾಡಿದೆ? ಒಂದೊಂದನ್ನೇ ಬಿಡಿಸಿ ನೋಡಬೇಕು. ಗಂಟುಬಿದ್ದ ನೂಲನ್ನು ಬಿಡಿಸಿದ ಹಾಗೆ. ತನಗೆ ಆದ ಅನ್ಯಾಯವೂ ಕಾಣುತ್ತದೆ. ತನ್ನ ಕೈಯಿಂದ ಆದ ತಪ್ಪೂ ಕಾಣುತ್ತದೆ. ಗುಂಪಿನಲ್ಲಿ ಓದಿದಾಗ ಇನ್ನೊಬ್ಬಳು, "ನನಗೂ ಹೀಗೇ ಆಗಿತ್ತು" ಅನ್ನಬಹುದು. ಆಗ ನಾನು ಒಬ್ಬಳೇ ಅಲ್ಲ ಅಂತ ಧೈರ್ಯ ಬರುತ್ತದೆ.

ಪುಸ್ತಕ ಬಂತು, ತೊಂದರೆಯೂ ಬಂತು

2003ರಲ್ಲಿ ಆ ಹೆಂಗಸರ ಬರಹಗಳು ಒಂದು ಇಂಗ್ಲಿಷ್ ಪುಸ್ತಕವಾಗಿ ಬಂದವು. "ನನ್ನೊಳಗೇ ಇಟ್ಟುಕೊಳ್ಳಲಾಗಲಿಲ್ಲ" ಅಂತ ಅದರ ಹೆಸರಿನ ಅರ್ಥ. ಬರೆದವರಿಗೆ ತಲಾ ಕೆಲವು ಸಾವಿರ ಡಾಲರ್ ಬರುವುದಿತ್ತು.

ಆಗ ಆ ರಾಜ್ಯದ ಸರ್ಕಾರ ಅವರ ಮೇಲೆ ಕೇಸು ಹಾಕಿತು. ಕೈದಿಯನ್ನು ಜೈಲಿನಲ್ಲಿ ಇಟ್ಟ ಖರ್ಚನ್ನು ಕೈದಿಯಿಂದಲೇ ವಸೂಲಿ ಮಾಡುವ ಕಾನೂನು ಅಲ್ಲಿತ್ತು. ದಿನಕ್ಕೆ 117 ಡಾಲರ್ ಕೊಡಿ ಅಂದಿತು ಸರ್ಕಾರ. ಆಗಿನ ಲೆಕ್ಕದಲ್ಲಿ ಅದು ಸುಮಾರು ಐದೂವರೆ ಸಾವಿರ ರೂಪಾಯಿ. ಒಂದು ವರ್ಷಕ್ಕೆ ಎಷ್ಟಾಯಿತು? 42,705 ಡಾಲರ್. ಹತ್ತು ವರ್ಷದ ಶಿಕ್ಷೆ ಇದ್ದವಳು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಪುಸ್ತಕದಿಂದ ಬರುವ ದುಡ್ಡು ಅದಕ್ಕೆ ಯಾವ ಮೂಲೆಗೂ ಸಾಲದು.

2004ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಪೆನ್ ಎಂಬ ಲೇಖಕರ ಸಂಸ್ಥೆ ಆ ಗುಂಪಿನ ಒಬ್ಬ ಹೆಂಗಸಿಗೆ 25,000 ಡಾಲರ್ ಬಹುಮಾನ ಕೊಟ್ಟಿತು. ಧೈರ್ಯವಾಗಿ ಮಾತನಾಡುವ ಹಕ್ಕನ್ನು ಎತ್ತಿಹಿಡಿದವರಿಗೆ ಕೊಡುವ ಬಹುಮಾನ ಅದು. ಆ ಸುದ್ದಿ ಬಂದ ಮೇಲೆ ಜೈಲಿನಲ್ಲಿ ತರಗತಿ ನಿಂತಿತು. ಕಂಪ್ಯೂಟರಿನಲ್ಲಿ ಇಟ್ಟಿದ್ದ ಹೆಂಗಸರ ಬರಹಗಳನ್ನು ಅಳಿಸಿಹಾಕಿದರು. ಎಷ್ಟೋ ದಿನ ಅತ್ತು, ತಿದ್ದಿ, ಬರೆದ ಬರಹ ಅದು.

ಈ ಸುದ್ದಿ ಪತ್ರಿಕೆಗಳಲ್ಲಿ ಬಂತು. ಜನ ಸುಮ್ಮನಿರಲಿಲ್ಲ. ಬರೆಯಲು ನೀವೇ ಹೇಳಿ, ಬರೆದ ಮೇಲೆ ನೀವೇ ಶಿಕ್ಷೆ ಕೊಡುತ್ತೀರಾ ಅಂತ ಕೇಳಿದರು. ಕೊನೆಗೆ ಅದೇ ವರ್ಷ ಕೇಸು ರಾಜಿಯಲ್ಲಿ ಮುಗಿಯಿತು. ಪುಸ್ತಕದ ದುಡ್ಡು ಹೆಂಗಸರ ಕೈಯಲ್ಲೇ ಉಳಿಯಿತು. ತರಗತಿ ಮತ್ತೆ ಶುರುವಾಯಿತು. 2007ರಲ್ಲಿ ಎರಡನೆಯ ಪುಸ್ತಕವೂ ಬಂತು.

ಕಂಪ್ಯೂಟರಿನಿಂದ ಬರಹ ಅಳಿಸಬಹುದು. ಬರೆಯಲು ಕಲಿತವಳಿಂದ ಬರೆಯುವ ಶಕ್ತಿ ಕಿತ್ತುಕೊಳ್ಳಲು ಆಗಲಿಲ್ಲ ನೋಡಿ.

ನಮ್ಮ ದೇಶದಲ್ಲೂ ಉಂಟು

ದೆಹಲಿಯಲ್ಲಿ ತಿಹಾರ್ ಎಂಬ ದೊಡ್ಡ ಜೈಲು ಇದೆ. ಅಲ್ಲಿದ್ದ ಹೆಂಗಸರು ಹಿಂದಿಯಲ್ಲಿ ಕವಿತೆ ಬರೆದರು. 2013ರಲ್ಲಿ ಅವು "ತಿನಕಾ ತಿನಕಾ ತಿಹಾರ್" ಎಂಬ ಪುಸ್ತಕವಾದವು. ತಿನಕಾ ಅಂದರೆ ಹುಲ್ಲುಕಡ್ಡಿ. ಪುಸ್ತಕವನ್ನು ಸಿದ್ಧಮಾಡಿದವರು ವರ್ತಿಕಾ ನಂದಾ ಮತ್ತು ವಿಮಲಾ ಮೆಹ್ರಾ. ವಿಮಲಾ ಮೆಹ್ರಾ ಆಗ ದೆಹಲಿ ಜೈಲುಗಳ ಮುಖ್ಯ ಅಧಿಕಾರಿ. ಅಂದರೆ ಇಲ್ಲಿ ಜೈಲಿನ ಅಧಿಕಾರಿಯೇ ಬರೆದವರ ಜೊತೆಗೆ ನಿಂತರು.

ನೀವೂ ಬರೆಯಿರಿ

ಜೈಲಿನವರಿಗೆ ಮಾತ್ರ ಅಲ್ಲ, ಬರಹ ಎಲ್ಲರಿಗೂ ಬೇಕು. ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಮೂರು ಸಾಲು ಸಾಕು. ಕಾಗುಣಿತ ತಪ್ಪಾದರೆ ಹೆದರಬೇಡಿ. ಅದನ್ನು ಆಮೇಲೆ ತಿದ್ದಬಹುದು. ನೀವು ಆಡುವ ಮಾತಿನಲ್ಲೇ ಬರೆಯಿರಿ. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅನ್ನುವುದು ನಿಮಗೇ ಬಿಟ್ಟದ್ದು.

ಹೀಗೆ ಶುರುಮಾಡಿ:
"ನಾನು ಚಿಕ್ಕವಳಿದ್ದಾಗ..."
"ಆ ದಿನ ನನಗೆ ಹೇಳಬೇಕು ಅನ್ನಿಸಿದ ಮಾತು..."

ಗುಂಪಿನಲ್ಲಿ ಮಾತಾಡಿ

1. ಯಾರ್ಕ್ ಜೈಲಿನ ಹೆಂಗಸರು ಬರೆದದ್ದನ್ನು ಗಟ್ಟಿಯಾಗಿ ಯಾಕೆ ಓದುತ್ತಿದ್ದರು?
2. ಪುಸ್ತಕದ ದುಡ್ಡು ಯಾರಿಗೆ ಸೇರಬೇಕಿತ್ತು? ನಿಮಗೆ ಏನನ್ನಿಸುತ್ತದೆ?
3. ಜೈಲಿನಿಂದ ಬಂದ ಹೆಂಗಸು ನಿಮ್ಮ ಬೀದಿಯಲ್ಲಿ ಮನೆ ಮಾಡಿದರೆ ನೀವು ಅವಳನ್ನು ಮಾತಾಡಿಸುತ್ತೀರಾ?