ಹಳದೀಪುರದ ಹುಡುಗಿ, ಪರೇಲಿನ ದಾದಿಯರು

1958ರಲ್ಲಿ ಸ್ಥಾಪನೆಯಾಗಿ ಮುಂಬಯಿಯ ಪವಾಯಿ ಕೆರೆಯ ಮಗ್ಗುಲಲ್ಲಿ ತಲೆಯೆತ್ತಿದ ಐ.ಐ.ಟಿ.ಯ ಹೆಬ್ಬಾಗಿಲನ್ನು ದಿನವೂ ಬಸ್ಸಿನ ಕಿಟಕಿಯಿಂದ ಕಾಣುತ್ತ ಬೆಳೆದ ಮಕ್ಕಳು ಇಂಜಿನಿಯರುಗಳಾಗದೆ ಮತ್ತೇನಾದಾರು ಎಂಬ ಭಾವನೆ, ಉಡುಪಿ, ಕುಂದಾಪುರ, ಕಾರವಾರಗಳ ಕಡೆಯಿಂದ ಬಂದು ಇಲ್ಲಿ ಬೇರೂರಿದ ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಬಲವಾಗಿಯೇ ಉಂಟು. ಆದುದರಿಂದ, ಹನ್ನೆರಡನೆಯ ತರಗತಿಯ ವಿಜ್ಞಾನವನ್ನು ಮುಗಿಸಿದ ನೆರೆಮನೆಯ ಹುಡುಗಿ ಒಂದು ಸಂಜೆ ನನ್ನ ಬಳಿಗೆ ಬಂದು, “ಮಾವ, ನಾನು ನರ್ಸಿಂಗ್ ಓದಬೇಕೂಂತಿದ್ದೇನೆ, ಅಪ್ಪನಿಗೆ ನೀವೊಂದು ಮಾತು ಹೇಳಬೇಕು” ಎಂದಾಗ ಆ ಮನೆಯಲ್ಲಿ ಎಂತಹ ಬಿರುಗಾಳಿ ಎದ್ದಿರಬಹುದೆಂದು ಊಹಿಸುವುದು ನನಗೆ ಕಷ್ಟವಾಗಲಿಲ್ಲ. ಅವಳ ತಂದೆ ನನ್ನನ್ನು ಕೇಳಿದ್ದು ಒಂದೇ ಮಾತು: “ಕಂಡವರ ಮಲಮೂತ್ರ ಬಳಿಯಲಿಕ್ಕೆ ಇಷ್ಟೆಲ್ಲ ಓದಿಸಬೇಕಾ ರಾಯರೇ?”

ಅವರಿಗೆ ನಾನು ಅರುಣಾ ಶಾನಭಾಗರ ವೃತ್ತಾಂತವನ್ನು ಹೇಳಿದೆ.

ಹೊನ್ನಾವರದ ಬಳಿಯ ಹಳದೀಪುರದಲ್ಲಿ 1948ರಲ್ಲಿ ಹುಟ್ಟಿದ ಅರುಣಾ, ಮುಂಬಯಿಗೆ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು, ಅಲ್ಲಿಯ ವೈದ್ಯರೊಬ್ಬರೊಡನೆ ವಿವಾಹವೂ ನಿಶ್ಚಯವಾಗಿತ್ತು. 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದ ಇಪ್ಪತ್ತೈದರ ಆ ತರುಣಿಯ ಮೇಲೆ ಆಸ್ಪತ್ರೆಯ ನೌಕರನೊಬ್ಬನು ಎಸಗಿದ ಕ್ರೂರವಾದ ಆಕ್ರಮಣದಲ್ಲಿ ಮೆದುಳಿಗೆ ಪ್ರಾಣವಾಯು ತಪ್ಪಿ, ಅವರು ಮತ್ತೆ ಎದ್ದೇಳಲಿಲ್ಲ. ಅಂದಿನಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳಿಗೂ ಮಿಕ್ಕ ಕಾಲ, ಅದೇ ಆಸ್ಪತ್ರೆಯ ದಾದಿಯರು ಅವರನ್ನು ಉಣಿಸಿ, ಮೀಯಿಸಿ, ನೋಡಿಕೊಂಡರು. ಎಂಬತ್ತರ ದಶಕದಲ್ಲಿ ನಗರಪಾಲಿಕೆ ಅವರನ್ನು ಅಲ್ಲಿಂದ ಸಾಗಿಸಲು ಹೊರಟಾಗ ಅಡ್ಡ ನಿಂತು ತಡೆದವರೂ ಇವರೇ. ಅರುಣಾರೊಡನೆ ಕೆಲಸ ಮಾಡಿದ ತಲೆಮಾರು ನಿವೃತ್ತವಾಗಿ, ಘಟನೆ ನಡೆದಾಗ ಹುಟ್ಟಿಯೂ ಇರದ ತಲೆಮಾರು ಬಂದರೂ ಆರೈಕೆ ನಿಲ್ಲಲಿಲ್ಲ. 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವು ಅರುಣಾರಿಗೆ ದಯಾಮರಣ ಕೋರಿದ್ದ ಅರ್ಜಿಯನ್ನು ತಳ್ಳಿಹಾಕಿದಾಗ, ಅವರ ಪರವಾಗಿ ಮಾತಾಡುವ ಹಕ್ಕು ಕೆ.ಇ.ಎಂ. ಸಿಬ್ಬಂದಿಯದೆಂದು ಒಪ್ಪಿ, ಆ ಶುಶ್ರೂಷೆಯನ್ನು ಮುಕ್ತಕಂಠದಿಂದ ಪ್ರಶಂಸಿಸಿತು.

ಆ ಮೊಕದ್ದಮೆಯಲ್ಲಿ ಬಂದ ಸಂಗತಿಯೊಂದರ ಮೇಲೆ ಓದುಗರು ತುಸು ನಿಲ್ಲಬೇಕೆಂದು ನನ್ನ ಕೋರಿಕೆ: ಅಷ್ಟು ವರ್ಷ ಹಾಸಿಗೆ ಹಿಡಿದಿದ್ದ ಆ ದೇಹದ ಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಇರಲಿಲ್ಲ. ಹೊರಳಲಾರದ ರೋಗಿಯ ಬೆನ್ನಿನ ಬುಡ, ಸೊಂಟ, ಹಿಮ್ಮಡಿಗಳಲ್ಲಿ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತಸಂಚಾರ ನಿಂತುಹೋಗುತ್ತದೆ. ಕೆಲವೇ ತಾಸುಗಳಲ್ಲಿ ಆ ಭಾಗ ಸಾಯತೊಡಗಿ, ಹುಣ್ಣಾಗಿ, ನಂಜೇರಿ ಪ್ರಾಣಕ್ಕೇ ಎರವಾಗಬಹುದು. ಅದನ್ನು ತಡೆಯಲು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಚರ್ಮ ಒದ್ದೆಯಾಗಿರದಂತೆ ಕಾಯಬೇಕು, ಆಹಾರದಲ್ಲಿ ಪೌಷ್ಟಿಕಾಂಶ ಕುಂದದಂತೆ ನೋಡಬೇಕು, ಕೆಂಪಡರಿದ ಮೊದಲ ಕಲೆಯನ್ನೇ ಗುರುತಿಸಬೇಕು. ಶರೀರರಚನೆ, ಪೋಷಣಶಾಸ್ತ್ರ, ಸೂಕ್ಷ್ಮಜೀವಿವಿಜ್ಞಾನ ಇವೆಲ್ಲ ಈ ಒಂದು ಕೆಲಸದಲ್ಲಿಯೇ ಅಡಗಿವೆ. ಮಲಮೂತ್ರ ಬಳಿಯುವುದೆಂದು ನಾವು ಹೀಗಳೆಯುವ ಕಾರ್ಯದ ನಿಜಸ್ವರೂಪ ಇದು. ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಇರಬೇಕಾದ ಗುಣಗಳಲ್ಲಿ ಉಪಚಾರದ ಜ್ಞಾನವನ್ನೂ ದಕ್ಷತೆಯನ್ನೂ ಎಣಿಸಿರುವುದು ಸಾರ್ಥಕವಾಗಿದೆ. ಶುಶ್ರೂಷೆ ಎಂಬ ಪದದ ಮೂಲಾರ್ಥವಾದರೂ ‘ಕೇಳಬೇಕೆಂಬ ಇಚ್ಛೆ’ ಎಂದೇ. ಮಾತಾಡಲಾರದವಳ ನರಳಿಕೆಯನ್ನು ಕೇಳಿ ಅರ್ಥಮಾಡಿಕೊಂಡ ಆ ಸಿಸ್ಟರುಗಳಿಗಿಂತ ಬೇರೆ ಉದಾಹರಣೆ ನನಗೆ ಬೇಕಿಲ್ಲ.

ಹುಡುಗಿಯ ತಂದೆ ಬಹಳ ಹೊತ್ತು ಸುಮ್ಮನಿದ್ದು, “ಮಗಳನ್ನು ಕಳಿಸಬಾರದು ಅನ್ನಲಿಕ್ಕೂ ಇದೇ ಕತೆ ಸಾಕಲ್ಲ?” ಎಂದರು. ಆ ಮಾತನ್ನು ನಾನು ಅಲ್ಲಗಳೆಯಲಾರೆ. ಆಕ್ರಮಣದ ಬಳಿಕ ಮುಂಬಯಿಯ ದಾದಿಯರು ಹೂಡಿದ ಮುಷ್ಕರದಲ್ಲಿ ತಮ್ಮ ಕೆಲಸದ ಸ್ಥಿತಿಗತಿ ಸುಧಾರಿಸಬೇಕೆಂಬ ಬೇಡಿಕೆಯೂ ಇತ್ತು. ಕೆಲಸಕ್ಕೆ ಸೇರುವ ಮೊದಲು, ಬಟ್ಟೆ ಬದಲಾಯಿಸಲು ಭದ್ರವಾದ ಕೋಣೆಯುಂಟೆ, ರಾತ್ರಿಪಾಳಿಗೆ ವಾಹನವುಂಟೆ, ಒಬ್ಬ ದಾದಿಯ ಪಾಲಿಗೆ ಎಷ್ಟು ರೋಗಿಗಳು ಎಂದು ಸಂಕೋಚವಿಲ್ಲದೆ ವಿಚಾರಿಸುವುದು ಪ್ರತಿಯೊಬ್ಬ ದಾದಿಯ ಹಕ್ಕು.

ವ್ಯಾಸಂಗದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷಗಳದು; ಹನ್ನೆರಡನೆಯ ತರಗತಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳೊಡನೆ ಇಂಗ್ಲಿಷನ್ನೂ ಓದಿರಬೇಕು, ಮತ್ತು ಮಹಾರಾಷ್ಟ್ರದಲ್ಲಿ ಇದಕ್ಕೆ ಪ್ರತ್ಯೇಕ ಸಿ.ಇ.ಟಿ. ಇದೆ. ಮೂರು ವರ್ಷಗಳ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾಕ್ಕೆ ಇತರ ವಿಭಾಗದವರೂ ಸೇರಬಹುದು. ಅದನ್ನು ಮುಗಿಸಿದವರು ಮುಂದೆ ಎರಡು ವರ್ಷ ಓದಿ ಪದವಿ ಪಡೆಯಲೂಬಹುದು. ಎರಡು ವರ್ಷಗಳ ಎ.ಎನ್.ಎಂ. (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಮುಖ್ಯವಾಗಿ ಗ್ರಾಮೀಣ ಆರೋಗ್ಯಸೇವೆಗಾಗಿ ಇರುವುದು. ಬಿ.ಎಸ್‌ಸಿ., ಜಿ.ಎನ್.ಎಂ.ಗಳ ಬಾಗಿಲು ಗಂಡುಮಕ್ಕಳಿಗೂ ತೆರೆದಿದೆಯೆಂಬುದನ್ನು ನಮ್ಮವರಲ್ಲಿ ಅನೇಕರು ಬಲ್ಲವರಲ್ಲ. ಇವುಗಳಲ್ಲಿ ಯಾವುದನ್ನು ಓದಿದರೂ ಸರಿ, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗದೆ ವೃತ್ತಿ ನಡೆಸುವಂತಿಲ್ಲ. ಆದಕಾರಣ ಕಾಲೇಜಿಗೆ ಶುಲ್ಕ ಕಟ್ಟುವ ಮುನ್ನ, ಅದಕ್ಕೆ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೂ ಇದೆಯೇ ಎಂದು ಸ್ವತಃ ಪರಿಶೀಲಿಸಬೇಕು, ದಲ್ಲಾಳಿಗಳ ಮಾತನ್ನು ನಂಬಿ ಹಣ ತೆರಬಾರದು.

ನಿಮ್ಮ ಮನೆಯ ಮಗುವೂ ಇಂತಹ ಆಸೆಯನ್ನು ಮುಂದಿಟ್ಟರೆ, ಬೇಡವೆನ್ನುವ ಮೊದಲು ಒಂದು ದಿನ ಕಾಂಜೂರ್‌ಮಾರ್ಗದಲ್ಲಿ ಲೋಕಲ್ ಹತ್ತಿ ಪರೇಲಿನಲ್ಲಿಳಿಯಿರಿ. ಕೆ.ಇ.ಎಂ. ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಅಲ್ಲಿಯ ದಾದಿಯರ ಕೆಲಸವನ್ನು ನಿಮ್ಮ ಕಣ್ಣಿನಿಂದಲೇ ನೋಡಿ ಬನ್ನಿರಿ.