ಮಕ್ಕಳಿರುವ ಮನೆಗೆ ಎಂತಹ ನಾಯಿ?

"ಅಪ್ಪಾ, ನಮಗೊಂದು ನಾಯಿಮರಿ ಬೇಕು!"

ಮಕ್ಕಳಿರುವ ಮನೆಯಲ್ಲಿ ಈ ಬೇಡಿಕೆ ಒಂದಲ್ಲ ಒಂದು ದಿನ ಹುಟ್ಟದೆ ಇರದು. ನೆರೆಮನೆಯ ಮರಿಯನ್ನು ಮುದ್ದಾಡಿ ಬಂದ ಮಗು ರಾತ್ರಿ ಊಟಕ್ಕೆ ಕುಳಿತಾಗ ಮಾತು ತೆಗೆಯುತ್ತದೆ. "ಪರೀಕ್ಷೆ ಮುಗಿಯಲಿ, ನೋಡೋಣ" ಎಂದು ತಂದೆ ದಿನ ದೂಡುತ್ತಾರೆ. ಕೆಲಸವೆಲ್ಲ ಕೊನೆಗೆ ಯಾರ ಪಾಲಿಗೆ ಬರುವುದೆಂಬುದನ್ನು ಬಲ್ಲ ತಾಯಿ ಮಾತನಾಡುವುದಿಲ್ಲ. "ಅಡುಗೆಮನೆಗೂ ದೇವರಮನೆಗೂ ಬಾರದಿದ್ದರೆ ನನ್ನದೇನೂ ಅಡ್ಡಿಯಿಲ್ಲ" ಎಂದು ಅಜ್ಜಿ ಅರ್ಧ ಒಪ್ಪಿಗೆ ಕೊಡುತ್ತಾರೆ. ಅಂತೂ ಒಂದು ಭಾನುವಾರ ಮರಿ ಬಂದೇ ಬಿಡುತ್ತದೆ. ಅದು ಎಷ್ಟು ದೊಡ್ಡದಾಗಿ ಬೆಳೆಯುತ್ತದೆ, ಏನು ತಿನ್ನುತ್ತದೆ, ಹಗಲೆಲ್ಲ ಯಾರ ಜೊತೆಯಲ್ಲಿರುತ್ತದೆ ಎಂಬ ಆಲೋಚನೆ ಆರಂಭವಾಗುವುದು ಆ ಮೇಲೆ.

ಈ ಕ್ರಮ ತಿರುವುಮುರುವಾಗಬೇಕು. ಸೀರೆಯನ್ನು ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವ ನಾವು, ಹತ್ತು ಹನ್ನೆರಡು ವರ್ಷ ಮನೆಯವರಲ್ಲೊಬ್ಬನಾಗಿ ಬಾಳಬೇಕಾದ ಜೀವವನ್ನು ಅದರ ಮುದ್ದುಮುಖವೊಂದನ್ನೇ ನೋಡಿ ತರುವುದು ವಿವೇಕವಲ್ಲ.

ಕೆಲಸಕ್ಕೆ ತಕ್ಕ ನಾಯಿ

ಕನ್ನಡ ನಾಡಿನಲ್ಲಿ ನಾಯಿಗೆ ಸಂದಿರುವ ಗೌರವ ಸಾಮಾನ್ಯವಾದುದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವೊಂದು ಸುಮಾರು ಕ್ರಿ.ಶ. 950ರದು. ಗಂಗರ ಬೂತುಗನ ಅನುಯಾಯಿಯಾದ ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಪಾರಿತೋಷಕವಾಗಿ ಹೊನ್ನನ್ನು ಕೇಳದೆ 'ಕಾಳಿ' ಎಂಬ ನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಂತಿತು. ಶಾಸನದ ನಡುವೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರ ಇಂದಿಗೂ ಸ್ಪಷ್ಟವಾಗಿದೆ.

ಮಣಲೇರನಿಗೆ ತನಗೆ ಎಂತಹ ನಾಯಿ ಬೇಕೆಂಬುದು ಗೊತ್ತಿತ್ತು. ಅವನಿಗೆ ಬೇಕಾದುದು ಬೇಟೆಯ ನಾಯಿ. ಜಗತ್ತಿನ ಬಹುಪಾಲು ಜಾತಿನಾಯಿಗಳೂ ಹೀಗೆಯೇ ಒಂದೊಂದು ಕೆಲಸಕ್ಕಾಗಿ ರೂಪುಗೊಂಡವು. ನಮ್ಮ ಮನೆಯಲ್ಲಿ ನಾಯಿ ಮಾಡಬೇಕಾದ ಕೆಲಸವಾದರೂ ಏನು? ಹಂದಿಯನ್ನು ಹಿಡಿಯುವುದಲ್ಲ. ಮಗು ಓಡಿದರೂ, ಕಿರುಚಿದರೂ, ಅರಿಯದೆ ಬಾಲ ತುಳಿದರೂ ತಾಳಿಕೊಂಡಿರುವುದು. ಹಂದಿಯೊಡನೆ ಹೋರಾಡುವುದಕ್ಕಿಂತ ಇದೇನೂ ಸುಲಭವಾದ ಕೆಲಸವಲ್ಲ.

ಹೆಸರಾಂತ ಜಾತಿಗಳು

ಮಕ್ಕಳಿರುವ ಮನೆಗೆಂದು ಹೆಚ್ಚಾಗಿ ಶಿಫಾರಸಾಗುವುದು ಲ್ಯಾಬ್ರಡಾರ್. ಇದರ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಬೆಸ್ತರ ನಾಯಿಗಳು. ಬೇಟೆಗಾರನು ಹೊಡೆದ ಹಕ್ಕಿಯನ್ನು ಹಲ್ಲಿನ ಗುರುತಾಗದಂತೆ ಕಚ್ಚಿ ತರುವ ಕೆಲಸಕ್ಕೆ ಬ್ರಿಟನ್ನಿನಲ್ಲಿ ಇದನ್ನು ಪಳಗಿಸಿದರು. ಮನುಷ್ಯನೊಡನೆ ಕೂಡಿ ಕೆಲಸ ಮಾಡುವ ಸ್ವಭಾವ ಅಲ್ಲಿಂದ ಬಂದದ್ದು. ಆದರೆ ಬೆಳೆದ ನಾಯಿ 30 ಕಿಲೋ ತೂಗುತ್ತದೆ. ಪ್ರೀತಿಯಿಂದ ಮೇಲೆ ಹಾರಿದರೂ ಮೂರು ವರ್ಷದ ಮಗು ನೆಲಕ್ಕುರುಳುತ್ತದೆ. ತಿನ್ನುವ ಆಸೆ ಬಹಳ. ದಿನಕ್ಕೆರಡು ಬಾರಿ ತಿರುಗಾಡಿಸದಿದ್ದರೆ ಬೊಜ್ಜು ಬಂದು ಕೀಲುಗಳು ಕೆಡುತ್ತವೆ. ವರ್ಷವಿಡೀ ಕೂದಲು ಉದುರುತ್ತದೆ.

ನಮ್ಮ ಹಿರಿಯರು ಅಲ್ಸೇಷಿಯನ್ ಎಂದು ಕರೆಯುತ್ತಿದ್ದುದು ಜರ್ಮನ್ ಷೆಫರ್ಡ್ ನಾಯಿಯನ್ನೇ. ಮೊದಲ ಮಹಾಯುದ್ಧದ ನಂತರ ಬ್ರಿಟಿಷರಿಗೆ 'ಜರ್ಮನ್' ಎಂಬ ಮಾತೇ ಬೇಡವಾಗಿ ಈ ಹೆಸರನ್ನಿಟ್ಟರು. ಹೆಸರೇ ಹೇಳುವಂತೆ ಇದು ಕುರಿ ಕಾಯುವ ನಾಯಿ. ಬುದ್ಧಿ ಬಹು ಚುರುಕು. ತನ್ನ ಮನೆಯ ಮಗುವನ್ನು ಜೀವದಂತೆ ಕಾಯುತ್ತದೆ. ಆದರೆ ಆಟಕ್ಕೆ ಬಂದ ಪಕ್ಕದ ಮನೆಯ ಮಗುವನ್ನೂ ಪರಕೀಯನೆಂದು ಬಗೆಯಬಹುದು. ಮರಿಯಿಂದಲೇ ಕ್ರಮವಾಗಿ ತರಬೇತು ಕೊಡಲು ಬಿಡುವಿಲ್ಲದವರು ಇದರ ಗೋಜಿಗೆ ಹೋಗದಿರುವುದು ಲೇಸು.

ಚಿಕ್ಕ ನಾಯಿಯಾದರೆ ಚಿಕ್ಕ ಮಕ್ಕಳಿಗೆ ಸರಿಹೋಗುವುದೆಂಬುದು ಒಂದು ತಪ್ಪು ತಿಳಿವಳಿಕೆ. ಪಾಮೆರೇನಿಯನ್ ಎಂದು ನಮ್ಮಲ್ಲಿ ಮಾರಾಟವಾಗುವುದು ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ಚಿಕ್ಕ ಮನೆಗೆ ಒಗ್ಗುತ್ತದೆ, ಚುರುಕಾಗಿದೆ. ಆದರೆ ಬೊಗಳುವುದು ಹೆಚ್ಚು, ಎಳೆಯ ಮಕ್ಕಳ ಎಳೆದಾಟವನ್ನು ಸಹಿಸದೆ ಕಚ್ಚುವುದೂ ಉಂಟು. ಬಿಲದೊಳಗಿನ ಪ್ರಾಣಿಯನ್ನು ಹಿಡಿಯಲೆಂದು ಜರ್ಮನಿಯಲ್ಲಿ ಬೆಳೆಸಿದ ಡ್ಯಾಕ್ಸ್‌ಹಂಡಿನ ಬೆನ್ನು ಉದ್ದ, ಕಾಲು ಗಿಡ್ಡ. ಮಗು ಅದನ್ನು ಮುಂಗಾಲು ಹಿಡಿದೆತ್ತಿದರೆ ಬೆನ್ನುಮೂಳೆಗೆ ಅಪಾಯ. ಚಪ್ಪಟೆ ಮೂಗಿನ ಪಗ್ ಸೌಮ್ಯ ಸ್ವಭಾವದ್ದೇ. 2003ರಲ್ಲಿ ಟೆಲಿಫೋನ್ ಜಾಹೀರಾತೊಂದರಲ್ಲಿ ಹುಡುಗನ ಹಿಂದೆ ಹಿಂದೆಯೇ ನಡೆದ ಮೇಲೆ ಅದರ ಕೀರ್ತಿ ಮನೆಮನೆಗೂ ಹಬ್ಬಿತು. ಆದರೆ ನಾಯಿಯ ಮೈ ತಣಿಯುವುದು ಮುಖ್ಯವಾಗಿ ತೇಕುವುದರಿಂದ; ಉಸಿರಿನ ದಾರಿಯೇ ಇಕ್ಕಟ್ಟಾದ ಈ ಪ್ರಾಣಿಗೆ ಕಲಬುರಗಿ, ರಾಯಚೂರುಗಳ ಬೇಸಗೆ ಪ್ರಾಣಸಂಕಟವೇ ಸರಿ. ಹಿಮದ ನಾಡಿನ ಹಸ್ಕಿಯನ್ನು ತಂದು ಬಯಲುಸೀಮೆಯ ಮಹಡಿ ಮನೆಯಲ್ಲಿ ಕೂಡಿಹಾಕುವವರಿಗೆ ಏನು ಹೇಳೋಣ?

ನಮ್ಮ ನಾಡಿನದೇ ಆದ ಮುಧೋಳ ನಾಯಿಯನ್ನು ಇಲ್ಲಿ ನೆನೆಯಲೇಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಸಂಸ್ಥಾನಿಕರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆಸ್ಥೆಯಿಂದ ಬೆಳೆಸಿ, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ತೆಳ್ಳಗಿನ ಮೈಯ, ಗಾಳಿಯಂತೆ ಓಡುವ ಈ ನಾಯಿಗೆ ನಮ್ಮ ಬಿಸಿಲು ಹೊಸದಲ್ಲ. ತೋಟ, ಬಯಲು ಇರುವ ಮನೆಗೂ ಸ್ವಲ್ಪ ಬೆಳೆದ ಮಕ್ಕಳಿಗೂ ಇದು ಒಳ್ಳೆಯ ಸಂಗಾತಿ. ಓಡಲು ಎಡೆಯಿಲ್ಲದ ಕಡೆ ಇದನ್ನು ಸಾಕುವುದು ಅನ್ಯಾಯ.

'ಕಂತ್ರಿ'ಯ ಪರವಾಗಿ ಎರಡು ಮಾತು

ಇಷ್ಟಾದರೂ ಜಾತಿಯ ಹೆಸರೊಂದನ್ನೇ ನಂಬಲಾಗದು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು 18,000ಕ್ಕೂ ಹೆಚ್ಚು ನಾಯಿಗಳ ಒಡೆಯರು ಕೊಟ್ಟ ವಿವರಗಳನ್ನು ಪರಿಶೀಲಿಸಿತು. ನಾಯಿನಾಯಿಗೂ ನಡುವಣ ನಡವಳಿಕೆಯ ವ್ಯತ್ಯಾಸದಲ್ಲಿ ಜಾತಿಯಿಂದ ವಿವರಿಸಬಹುದಾದುದು ಸುಮಾರು ಶೇಕಡ 9 ಮಾತ್ರ ಎಂಬುದು ಅದರ ತೀರ್ಮಾನ. ಅಂದರೆ ಮೈಕಟ್ಟು, ಬಣ್ಣ, ತೂಕಗಳನ್ನು ಜಾತಿ ಹೇಳೀತು. ಗುಣವನ್ನು ಪೂರ್ತಿಯಾಗಿ ಹೇಳಲಾರದು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಶಾಂತ, ಒಬ್ಬ ಮುಂಗೋಪಿ ಆಗುವುದಿಲ್ಲವೇ? ಹಾಗೆಯೇ ಇದೂ.

ಹೀಗಿರುವಾಗ ನಮ್ಮ ಬೀದಿಯ ನಾಯಿಯನ್ನು 'ಕಂತ್ರಿ'ಯೆಂದು ಕಡೆಗಣಿಸಲು ಕಾರಣವಿಲ್ಲ. ತಲೆಮಾರುಗಳಿಂದ ಈ ಬಿಸಿಲು ಮಳೆಗಳಲ್ಲೇ ಬಾಳಿದ ನಾಯಿ ಇದು. ಗಿಡ್ಡ ಕೂದಲು, ಹದವಾದ ಗಾತ್ರ, ಸೂಕ್ಷ್ಮವಾದ ಬುದ್ಧಿ. ಎಳವೆಯಲ್ಲೇ ಮನೆಗೆ ತಂದು ಮಕ್ಕಳೊಡನೆ ಬೆಳೆಸಿದರೆ ಯಾವ ಜಾತಿನಾಯಿಗೂ ಕಡಮೆಯಲ್ಲ. 1991ರಲ್ಲಿ ಆರಂಭವಾದ ಬೆಂಗಳೂರಿನ ಕ್ಯೂಪಾದಂತಹ ಸಂಸ್ಥೆಗಳು ಇಂತಹ ನಾಯಿಗಳನ್ನು ಯೋಗ್ಯ ಮನೆಗಳಿಗೆ ದತ್ತು ಕೊಡುತ್ತವೆ. ಮನೆಯಲ್ಲಿ ತೀರ ಎಳೆಯ ಮಕ್ಕಳಿದ್ದರೆ ಮರಿಗಿಂತ ಎರಡು ಮೂರು ವರ್ಷದ ನಾಯಿಯೇ ಮೇಲು. ಅದರ ಗುಣ ಆಗಲೇ ಗೊತ್ತಾಗಿರುತ್ತದೆ. ಸಿಕ್ಕಿದ್ದನ್ನೆಲ್ಲ ಕಚ್ಚುವ ವಯಸ್ಸೂ ದಾಟಿರುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರೊಡನೆ ಅದು ಹೇಗಿರುವುದೆಂಬುದನ್ನು ನಾಲ್ಕಾರು ಬಾರಿ ನೋಡಿ ತೀರ್ಮಾನಿಸಬಹುದು.

ಮರಿಯನ್ನೇ ತರುವುದಾದರೆ

ಮರಿಗೆ ಎಂಟು ವಾರ ತುಂಬುವವರೆಗೆ ತಾಯಿಯಿಂದ ಅಗಲಿಸಕೂಡದು. ಕಚ್ಚುವಾಟದಲ್ಲಿ ಎಷ್ಟು ಕಚ್ಚಿದರೆ ನೋವಾಗುವುದೆಂಬ ಪಾಠವನ್ನು ಅದು ಒಡಹುಟ್ಟಿದವರಿಂದ ಕಲಿಯುವುದು ಆ ದಿನಗಳಲ್ಲಿ. ಎಂಟು ವಾರದೊಳಗಿನ ಮರಿಯನ್ನು ಮಾರುವುದು 2017ರ ಕೇಂದ್ರ ಸರ್ಕಾರದ ನಿಯಮಗಳಿಗೂ ವಿರುದ್ಧ. ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗಿನ ಕಾಲದಲ್ಲಿ ಮರಿ ಯಾರನ್ನು ಕಂಡು ಒಗ್ಗಿಕೊಳ್ಳುವುದೋ ಅವರಿಗೆ ಮುಂದೆ ಹೆದರುವುದಿಲ್ಲ. ಆದ್ದರಿಂದ ಮಕ್ಕಳಿರುವ ಮನೆಯಲ್ಲೇ ಹುಟ್ಟಿ, ಜನರ ಕೈಯಲ್ಲಿ ಆಡಿದ ಮರಿ ಉತ್ತಮ.

ಮರಿಯನ್ನು ನೋಡುವ ಮೊದಲು ತಾಯಿನಾಯಿಯನ್ನು ನೋಡಿರಿ. ತಾಯಿ ಅಂಜುಬುರುಕಿಯೋ ಸಿಡುಕಿನದೋ ಆಗಿದ್ದರೆ ಹಿಂದಿರುಗುವುದೇ ಸರಿ. ತಾಯಿಯನ್ನು ತೋರಿಸಲು ಹಿಂಜರಿಯುವವರಲ್ಲಿ ವ್ಯಾಪಾರ ಬೇಡ. ಮೂಲೆ ಸೇರಿ ನಡುಗುವ ಮರಿಯನ್ನು ಕನಿಕರದಿಂದಲೂ, ಉಳಿದವನ್ನೆಲ್ಲ ತುಳಿದು ಬರುವ ಮರಿಯನ್ನು ಮೆಚ್ಚುಗೆಯಿಂದಲೂ ಆರಿಸಬೇಡಿರಿ. ಕರೆದರೆ ಬರುವ, ಎತ್ತಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುವ, ಸದ್ದಿಗೆ ಬೆಚ್ಚಿದರೂ ಬೇಗ ಚೇತರಿಸಿಕೊಳ್ಳುವ ಮರಿ ಮಕ್ಕಳ ಮನೆಗೆ ತಕ್ಕದ್ದು.

ಆಹಾರದ ವಿಚಾರವನ್ನೂ ಮೊದಲೇ ಯೋಚಿಸಬೇಕು. ಬರಿಯ ಹಾಲು ಅನ್ನದಿಂದ ನಾಯಿಯ ಮೈ ಬೆಳೆಯದು. ಮೊಟ್ಟೆ ಮಾಂಸಗಳು ಬಾರದ ಮನೆಯವರು ಪಶುವೈದ್ಯರನ್ನು ಕೇಳಿ ತಕ್ಕ ಆಹಾರವನ್ನು ಗೊತ್ತುಮಾಡಿಕೊಳ್ಳಬೇಕು. ಉಳಿದ ಹುಳಿಯನ್ನು ನಾಯಿಗೆ ಸುರಿಯುವ ರೂಢಿ ಒಳ್ಳೆಯದಲ್ಲ. ಈರುಳ್ಳಿ ನಾಯಿಯ ರಕ್ತಕ್ಕೆ ವಿಷ. ದ್ರಾಕ್ಷಿ, ಚಾಕೊಲೇಟುಗಳೂ ಅಷ್ಟೇ. ಮಗು ಪ್ರೀತಿಯಿಂದ ತನ್ನ ಚಾಕೊಲೇಟನ್ನು ಹಂಚಿಕೊಳ್ಳುವ ಮೊದಲೇ ಇದನ್ನು ಹೇಳಿಕೊಟ್ಟಿರಬೇಕು.

ಮಗುವಿಗೂ ಪಾಠ ಬೇಕು

ನಾಯಿಗೆ ಶಿಕ್ಷಣ ಕೊಡಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಮಗುವಿಗೆ ಕೊಡಬೇಕೆಂಬುದನ್ನು ಮರೆಯುತ್ತಾರೆ. ಮಕ್ಕಳನ್ನು ಕಚ್ಚುವ ನಾಯಿ ಅನೇಕ ವೇಳೆ ಅವರಿಗೆ ಪರಿಚಯವಿರುವ ನಾಯಿಯೇ. ಉಣ್ಣುವ ನಾಯಿಯ ತಟ್ಟೆಗೆ ಕೈಯಿಕ್ಕಬಾರದು. ಮಲಗಿರುವುದನ್ನು ಎಬ್ಬಿಸಬಾರದು. ಮರಿ ಹಾಕಿದ ತಾಯಿಯ ಹತ್ತಿರ ಹೋಗಬಾರದು. ಕೊರಳನ್ನು ತಬ್ಬಿ ಮುಖಕ್ಕೆ ಮುಖವಿಡಬಾರದು. ನಮಗೆ ಪ್ರೀತಿಯೆನಿಸುವ ಅಪ್ಪುಗೆ ಬಹಳ ನಾಯಿಗಳಿಗೆ ಉಸಿರುಕಟ್ಟುವ ಬಂಧನ.

ನಾಯಿ ಕಚ್ಚುವ ಮೊದಲು ತನ್ನ ರೀತಿಯಲ್ಲಿ ಹೇಳಿಯೇ ಹೇಳುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಆಕಳಿಸುತ್ತದೆ, ಮೈ ಬಿಗಿಹಿಡಿಯುತ್ತದೆ, ಕೊನೆಗೆ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕಾಗಿ ಅದನ್ನು ಹೊಡೆಯಬೇಡಿರಿ. ಹೊಡೆತಕ್ಕೆ ಹೆದರಿ ಗುರುಗುಟ್ಟುವುದನ್ನು ಬಿಟ್ಟ ನಾಯಿ ಮುಂದೆ ಸೂಚನೆಯಿಲ್ಲದೆ ಕಚ್ಚೀತು. ಎಷ್ಟೇ ಸಾಧುವಾದ ನಾಯಿಯಾದರೂ ಐದಾರು ವರ್ಷದೊಳಗಿನ ಮಗುವನ್ನು ಅದರೊಡನೆ ಒಂಟಿಯಾಗಿ ಬಿಡತಕ್ಕದ್ದಲ್ಲ.

ಇನ್ನು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಲೂಯಿ ಪಾಶ್ಚರ್ 1885ರಲ್ಲಿ ಇದರ ಲಸಿಕೆಯನ್ನು ಮೊದಲು ಕೊಟ್ಟದ್ದು ನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನಿಗೆ. ಇಂದಿಗೂ, ರೋಗದ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇಕಡ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆನ್ನಬಹುದು. ಸಕಾಲದಲ್ಲಿ ಲಸಿಕೆ ಪಡೆದರೆ ಭಯವಿಲ್ಲ. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ಆ ಮೇಲೆ ವೈದ್ಯರು ಹೇಳಿದಂತೆ ಕ್ರಮವಾಗಿ ಮುಂದಿನವು ಆಗಬೇಕು. ಎಲ್ಲಾದರೂ ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತಬಾರದು. ಹೊಟ್ಟೆಯ ಮೇಲೆ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲ ಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಬೈಯುತ್ತಾರೆಂಬ ಹೆದರಿಕೆಯಿಂದ ಮಗು ಕಚ್ಚಿದ್ದನ್ನು ಮುಚ್ಚಿಡದಂತೆ ನೋಡಿಕೊಳ್ಳುವುದು ತಾಯ್ತಂದೆಗಳ ಕರ್ತವ್ಯ.

ಕೊನೆಯ ಪ್ರಶ್ನೆ

ಎಲ್ಲಕ್ಕೂ ಮಿಗಿಲಾಗಿ ಯೋಚಿಸಬೇಕಾದುದು ಇನ್ನೊಂದಿದೆ. ಎಂಟು ವರ್ಷದ ಮಗುವಿಗೆಂದು ಇಂದು ತಂದ ಮರಿ, ಮಗು ಕಾಲೇಜು ಸೇರಿ ಬೇರೆ ಊರಿಗೆ ಹೊರಡುವ ಹೊತ್ತಿಗೆ ಮುದಿಯಾಗಿರುತ್ತದೆ. ಕಣ್ಣು ಮಂಜಾಗಿ, ಮೆಟ್ಟಿಲು ಹತ್ತಲಾರದೆ, ಬಾಗಿಲ ಬಳಿ ಮಲಗಿ ಕಾಯುತ್ತದೆ. ಆಗ ಅದಕ್ಕೆ ಅನ್ನವಿಡುವವರು, ವೈದ್ಯರಲ್ಲಿಗೆ ಕರೆದೊಯ್ಯುವವರು ತಂದೆತಾಯಿಗಳೇ. ಮಗುವಿಗೆಂದು ಬಂದ ನಾಯಿ ಕೊನೆಗೆ ಅವರದಾಗುತ್ತದೆ. ಈ ಮಾತಿಗೆ ಮನಸಾರೆ ಒಪ್ಪಿದವರು ಮಾತ್ರ ಮರಿಯನ್ನು ತರಲಿ. ಒಪ್ಪಿಗೆಯಿಲ್ಲದಿದ್ದರೆ, "ಈಗ ಬೇಡ ಕಂದ" ಎಂದು ಹೇಳುವುದರಲ್ಲಿ ತಪ್ಪಿಲ್ಲ. ಆರು ತಿಂಗಳಾದ ಮೇಲೆ ಬೇಸರವಾಗಿ ಊರಾಚೆ ಬಿಟ್ಟು ಬರುವುದಕ್ಕಿಂತ ಅದು ಎಷ್ಟೋ ಮೇಲು. ಹಾಗೆ ಬಿಟ್ಟು ಬಂದುದನ್ನು ನಾಯಿಗಿಂತ ಹೆಚ್ಚು ಕಾಲ ನೆನಪಿಡುವುದು ಮಗು.

ಮಣಲೇರನು ಕಾಳಿಯನ್ನು ಬೇಡಿ ತಂದನು. ಅದು ಸತ್ತ ಮೇಲೂ ಅದರ ಋಣವನ್ನು ಮರೆಯಲಿಲ್ಲ. ನಾವು ಕಲ್ಲು ನಿಲ್ಲಿಸಬೇಕಾಗಿಲ್ಲ. ಬದುಕಿರುವವರೆಗೆ ಹೊತ್ತಿಗೆ ಸರಿಯಾಗಿ ಊಟ, ದಿನಕ್ಕೆರಡು ಸುತ್ತು ತಿರುಗಾಟ, ಮನೆಯಲ್ಲಿ ತನ್ನದೆಂಬ ಒಂದು ಮೂಲೆ — ಇಷ್ಟನ್ನು ಕೊಡಬಲ್ಲ ಮನೆಗೆ ತಕ್ಕ ನಾಯಿ ದೊರೆಯುವುದು ಕಷ್ಟವಲ್ಲ.