ಬಿಇ ಸೀಟಿಗೆ ಮೊದಲು ಅಪ್ರೆಂಟಿಸ್‌ಶಿಪ್ ಕಡೆಗೂ ನೋಡಿ

ಮೇ ತಿಂಗಳಲ್ಲಿ ಸಿಬಿಎಸ್‌ಇ ಫಲಿತಾಂಶ ಬಂತೆಂದರೆ ದೋಹಾದ ಕನ್ನಡ ಮನೆಗಳಲ್ಲಿ ಮಾತೆಲ್ಲ ಸೀಟಿನದೇ. ಎನ್‌ಆರ್‌ಐ ಕೋಟಾ, ಡೊನೇಷನ್, ಮಂಗಳೂರೋ ಬೆಂಗಳೂರೋ. ಪುಸ್ತಕ ಹಿಡಿದರೆ ಆಕಳಿಸುವ, ಮನೆಯ ಮಿಕ್ಸಿ ಕೆಟ್ಟರೆ ಮಾತ್ರ ಕಣ್ಣರಳಿಸುವ ಹುಡುಗನಿಗೂ ಅದೇ ದಾರಿ. ಅಪ್ರೆಂಟಿಸ್‌ಶಿಪ್ ಎಂದರೆ "ಇಷ್ಟು ದೂರ ಬಂದು ದುಡಿದದ್ದು ಮಗ ಸ್ಪ್ಯಾನರ್ ಹಿಡಿಯಲಿ ಅಂತಲಾ?" ಎಂದು ಅಪ್ಪಂದಿರು ನೊಂದುಕೊಳ್ಳುತ್ತಾರೆ. ಆ ನೋವು ಸುಳ್ಳಲ್ಲ. ಆದರೂ ಮುಶೈರಿಬ್‌ನಲ್ಲಿ ನಿಂತು ಒಮ್ಮೆ ಸುತ್ತ ನೋಡಿ. ಕೆಂಪು, ಹಸಿರು, ಚಿನ್ನದ ಬಣ್ಣದ ಮೂರೂ ಮೆಟ್ರೋ ಮಾರ್ಗಗಳು ಕೂಡುವುದು ಇಲ್ಲೇ. ಮೇಲೆ ಟ್ರಾಮ್ ಓಡುತ್ತದೆ, ಸುತ್ತ ನೂರಕ್ಕೂ ಹೆಚ್ಚು ಕಟ್ಟಡಗಳಿವೆ. ಇಲ್ಲಿನ ಲಿಫ್ಟು, ಎ.ಸಿ., ಸಿಗ್ನಲ್‌ಗಳನ್ನು ಜುಲೈ ತಿಂಗಳ ಬಿಸಿಲಿನಲ್ಲೂ ನಿಲ್ಲದಂತೆ ನೋಡಿಕೊಳ್ಳುವವರು ಕೈಕೆಲಸ ಬಲ್ಲ ತಂತ್ರಜ್ಞರು.

ಅಲ್ಲೇ ಇರುವ ಮುಶೈರಿಬ್ ಮ್ಯೂಸಿಯಂಗಳಲ್ಲಿ 'ಕಂಪನಿ ಹೌಸ್' ಅನ್ನು ಮಕ್ಕಳಿಗೆ ತೋರಿಸಬೇಕು. ಕತಾರಿನ ಮೊದಲ ತೈಲ ಕಂಪನಿಯ ಕಚೇರಿ ಅದು. 1949ರ ಕೊನೆಯಲ್ಲಿ ಮೊದಲ ಬಾರಿ ತೈಲ ಹಡಗು ಹತ್ತುವುದಕ್ಕೆ ಮೊದಲೇ ದುಖಾನ್‌ನಲ್ಲಿ ದುಡಿದ ಸ್ಥಳೀಯರ ಕಥೆಯನ್ನು ಅಲ್ಲಿ ಹೇಳಿದ್ದಾರೆ. ಅವರೆಲ್ಲ ಕೆಲಸ ಕಲಿತದ್ದು ಕೆಲಸದ ಜಾಗದಲ್ಲೇ.

ಇಂದು ಕತಾರಿನ ದೊಡ್ಡ ಕಂಪನಿಗಳ ಪ್ರಾಯೋಜಿತ ತರಬೇತಿ ಮುಖ್ಯವಾಗಿ ಕತಾರಿ ಪ್ರಜೆಗಳಿಗಾಗಿ ಇರುವಂಥದ್ದು. ನಮ್ಮ ಮಕ್ಕಳಿಗೆ ಇಲ್ಲಿ ತೆರೆದಿರುವ ಹತ್ತಿರದ ದಾರಿ ಯೂನಿವರ್ಸಿಟಿ ಆಫ್ ದೋಹಾ ಫಾರ್ ಸೈನ್ಸ್ ಅಂಡ್ ಟೆಕ್ನಾಲಜಿ. 2002ರಲ್ಲಿ ಕೆನಡಾದ ಕಾಲೇಜೊಂದರ ಶಾಖೆಯಾಗಿ ಶುರುವಾದ ಇದು ಪ್ರಯೋಗಕ್ಕೆ ಒತ್ತು ಕೊಡುವ ಕೋರ್ಸುಗಳನ್ನು ನಡೆಸುತ್ತದೆ. ಆದರೆ ಶುಲ್ಕ ಕಟ್ಟಿ ಓದಬೇಕು. ದುಡಿಯುತ್ತಾ ಕಲಿಯಬೇಕೆಂದರೆ ಊರಿನ ಕಡೆಗೇ ನೋಡಬೇಕು.

ಭಾರತದಲ್ಲಿ ಇದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅವಧಿ ಆರು ತಿಂಗಳಿಂದ ಮೂರು ವರ್ಷ. ಸಂಸ್ಥೆ ಮತ್ತು ಅಭ್ಯರ್ಥಿ ಬರೆದುಕೊಂಡ ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗುತ್ತದೆ. 2019ರ ತಿದ್ದುಪಡಿ ಕನಿಷ್ಠ ಸ್ಟೈಪೆಂಡನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ನಿಗದಿ ಮಾಡಿತು. ಒಪ್ಪಂದಕ್ಕೆ ಸಹಿ ಹಾಕುವ ದಿನ ಜಾರಿಯಲ್ಲಿರುವ ದರ ಎಷ್ಟೆಂದು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಸಂಸ್ಥೆಯದು. ಆದರೆ ಕಾಯ್ದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಅವಧಿ ಮುಗಿದ ಮೇಲೆ ಅಲ್ಲೇ ನೌಕರಿ ಕೊಡಬೇಕೆಂಬ ಕಡ್ಡಾಯವೂ ಇಲ್ಲ. ಏಜೆಂಟರು "ಗ್ಯಾರಂಟಿ ಜಾಬ್" ಎಂದರೆ ಅಲ್ಲಿಂದ ಎದ್ದು ಬನ್ನಿ.

ಹತ್ತನೇ ತರಗತಿ ಮುಗಿಸಿದವರಿಗೆ ನನ್ನ ಮೊದಲ ಸಲಹೆ ಟೂಲ್ ರೂಮ್. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ಮಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲೂ ಇದೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ ಕಲಿತು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ ಪಡೆಯಬೇಕು. 1959ರಲ್ಲಿ ತಲಶ್ಶೇರಿ ಬಳಿ ಹುಟ್ಟಿ ಬೆಂಗಳೂರಿನ ಪೀಣ್ಯದಲ್ಲಿ ಬೆಳೆದ ಎನ್‌ಟಿಟಿಎಫ್ ತರಬೇತಿ ಸಂಸ್ಥೆಯದೂ ಇಂಥದೇ ಶಿಸ್ತು. ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಗೂ ಒಳ್ಳೆಯ ಹೆಸರಿದೆ. ಆದರೆ ಅದು ಕರ್ನಾಟಕದ ಹಳ್ಳಿಗಳ ಬಡ ಮಕ್ಕಳಿಗಾಗಿ 2007ರಲ್ಲಿ ಕಟ್ಟಿದ್ದು, ದೋಹಾದ ಮಕ್ಕಳು ಅಲ್ಲಿ ಕಣ್ಣಿಡುವುದು ಸರಿಯಲ್ಲ.

ಟೂಲ್ ರೂಮಿನ ಮೊದಲ ವಾರಗಳು ಹೇಗಿರುತ್ತವೆ ಎಂಬುದು ಮಕ್ಕಳಿಗೆ ಮೊದಲೇ ಗೊತ್ತಿರಬೇಕು. ಸಿಎನ್‌ಸಿ ಯಂತ್ರದ ಹತ್ತಿರ ಬಿಡುವುದಿಲ್ಲ. ವೈಸಿಗೆ ಉಕ್ಕಿನ ತುಂಡು ಬಿಗಿದು ಅರ ಹಾಕಿಸುತ್ತಾರೆ. ಒಂದು ಮುಖ ಸಪಾಟಾದ ಮೇಲೆ ಪಕ್ಕದ ಮುಖ ಅದಕ್ಕೆ ಲಂಬವಾಗಬೇಕು. ಟ್ರೈ ಸ್ಕ್ವೇರ್ ಇಟ್ಟು, ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಂಚಿನ ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಅರ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಭುಜ ಸೋಲುತ್ತದೆ. ಎಷ್ಟೋ ಮಕ್ಕಳು ಮನೆಗೆ ಫೋನ್ ಮಾಡಿ ಅಳುವುದು ಈ ಹಂತದಲ್ಲೇ. ಇದನ್ನು ದಾಟಿದವರಿಗೆ ವರ್ನಿಯರ್ ಕ್ಯಾಲಿಪರ್ ತೆಗೆಯುವ ಮೊದಲೇ ಕೈಗೆ ಅಳತೆ ಗೊತ್ತಾಗತೊಡಗುತ್ತದೆ. ಹೆಣ್ಣುಮಕ್ಕಳೂ ಈ ಬೆಂಚುಗಳಲ್ಲಿದ್ದಾರೆ. ಮಗಳಿಗೆ ಆಸೆಯಿದ್ದರೆ ತಡೆಯಬೇಡಿ.

ಕೊಲ್ಲಿಯ ಪೋಷಕರು ಚೆನ್ನಾಗಿ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಕತಾರಿನಲ್ಲಿ ಎಂಜಿನಿಯರಿಂಗ್ ವೃತ್ತಿಯನ್ನು 2005ರ 19ನೇ ಕಾನೂನು ನಿಯಂತ್ರಿಸುತ್ತದೆ. ಅದರಡಿ ಎಂಜಿನಿಯರ್ ಆಗಿ ನೋಂದಾಯಿಸಿಕೊಳ್ಳಬೇಕು; ಇಲ್ಲಿನವರು ಯುಪಿಡಿಎ ಎನ್ನುವ ಆ ನೋಂದಣಿಗೆ ಪದವಿ ಬೇಕು. ಕೈಯಲ್ಲಿ ಎಷ್ಟೇ ಕೆಲಸವಿದ್ದರೂ ಡಿಪ್ಲೊಮಾದವನು ಇಲ್ಲಿ ಎಂಜಿನಿಯರ್ ಎಂದು ಸಹಿ ಹಾಕುವಂತಿಲ್ಲ. ಹಾಗಾಗಿ ಮುಂದೆ ಪದವಿಗೆ ಬಾಗಿಲು ತೆರೆದಿರುವ ತರಬೇತಿಯನ್ನೇ ಆರಿಸಿ ಎಂದು ಒತ್ತಿ ಹೇಳುತ್ತೇನೆ. ಮಾನ್ಯತೆಯಿರುವ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಕೆಲವು ತಿಂಗಳ ಬಿಡಿ ಸರ್ಟಿಫಿಕೇಟಿನಿಂದ ಅದು ಆಗದು. ಸೇರುವ ಮೊದಲೇ "ಇದು ಎಐಸಿಟಿಇ ಅನುಮೋದಿತವೇ?" ಎಂದು ಕೇಳಿ, ಆದೇಶದ ಪ್ರತಿ ನೋಡಿ. ಡಿಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮಗು ರಾಜ್ಯದಲ್ಲಿ ಎಷ್ಟು ವರ್ಷ ಓದಿದೆ ಎಂದು ಕೇಳುತ್ತದೆ. ದೋಹಾದಲ್ಲೇ ಬೆಳೆದವರು ಯಾವ ನಿಯಮದಡಿ ಅರ್ಹರೆಂದು ಅದರ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಬೇಕು.

ಕಾಗದಪತ್ರದ ಕೆಲಸ ಇಲ್ಲಿಂದಲೇ ಶುರುವಾಗಲಿ. ಮಗ ಅಪ್ಪನ ಪ್ರಾಯೋಜಕತ್ವದ ನಿವಾಸ ಪರವಾನಗಿಯಲ್ಲಿ (ಆರ್‌ಪಿ) ಇದ್ದರೆ, ಒಂದೇ ಸಮನೆ ಆರು ತಿಂಗಳಿಗಿಂತ ಹೆಚ್ಚು ಕತಾರಿನ ಹೊರಗೆ ಉಳಿದಾಗ ಅದು ಅಸಿಂಧುವಾಗುತ್ತದೆ. ತರಬೇತಿಯ ರಜೆ ಯಾವಾಗ ಎಂದು ಸಂಸ್ಥೆಯನ್ನು ಮೊದಲೇ ಕೇಳಿ, ಟಿಕೆಟನ್ನು ಅದಕ್ಕೆ ಹೊಂದಿಸಿ. ಅಪ್ರೆಂಟಿಸ್ ನೋಂದಣಿಗೆ ಆಧಾರ್ ಬೇಕು, ಸ್ಟೈಪೆಂಡಿನ ಸರ್ಕಾರಿ ಪಾಲು ಬರುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು 182 ದಿನ ಕಾಯಬೇಕೆಂಬ ನಿಯಮ 2019ರಲ್ಲೇ ಹೋಗಿದೆ. ಹಾಗಾಗಿ ಬೇಸಿಗೆ ರಜೆಗೆ ಊರಿಗೆ ಹೋದಾಗ ಮೊದಲ ವಾರವೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ, ಪ್ರವೇಶದ ಅರ್ಜಿ ತುಂಬುವ ಹೊತ್ತಿಗೆ ಪರದಾಡಬೇಕಾಗುವುದಿಲ್ಲ.